ಉದ್ದ ಮೂತಿಯ ಎಂಜಿನ್ನೂ ನಮ್ಮ ವನಜಕ್ಕನೂ

ಗಾಡಿ ತಡವಾದಾಗಲೆಲ್ಲ ಬೈದು ಬೈದೇ ಈ ರೈಲು ಪ್ರಯಾಣಿಕರ ಸಂಘವನ್ನು ಬೆಳೆಸಿದ ಅಧ್ಯಕ್ಷರಾದ ಭೋಜ ಮಾಸ್ಟ್ರೇ, ವೇದಿಕೆಯ ಮೇಲಿರುವ ಗಣ್ಯರೇ, ಫ್ಯಾನಿಲ್ಲದ ಕಡೆ ಬಾಗಿಲ ಹತ್ತಿರ ಕುಳಿತಿರುವ ತಾಯಂದಿರೇ, ಯಡ್ತರೆಯಿಂದ, ಶಿರೂರಿನಿಂದ, ದೂರದ ಬ್ರಹ್ಮಾವರದಿಂದ ಬೈಂದೂರಿಗೆ ಬಂದು ಸೇರಿದ ನನ್ನ ಪ್ರೀತಿಯ ಸಭಿಕರೇ,

ಪೇಟ ತೊಡಿಸಿದಿರಿ, ಶಾಲು ಹೊದಿಸಿದಿರಿ, ಹಣ್ಣಿನ ಬುಟ್ಟಿ ಕೊಟ್ಟಿರಿ. ಈ ಸೆಕೆಯಲ್ಲಿ ಶಾಲು ಹೊದ್ದು ಕುಳಿತುಕೊಳ್ಳುವುದು ಎಂಜಿನ್ ಓಡಿಸುವುದಕ್ಕಿಂತ ಕಷ್ಟದ ಕೆಲಸ. ಆದರೂ ಸಂತೋಷ. ಕಿರಿಮಂಜೇಶ್ವರದ ಕಡಲ ದಂಡೆಯಲ್ಲಿ ಬಲೆ ಎಳೆಯುತ್ತಿದ್ದ ಮುತ್ತ ಖಾರ್ವಿಯ ಮಗ ಚಂದ್ರ, ಮೂವತ್ತೈದು ವರ್ಷ ರೈಲು ಓಡಿಸಿ, ಹೋದ ಏಪ್ರಿಲ್‌ನಲ್ಲಿ ನಿವೃತ್ತನಾಗಿ, ಇಂದು ನಿಮ್ಮೆದುರು ಮೈಕಿನ ಮುಂದೆ ನಿಂತಿದ್ದಾನೆ. ಇದು ಸಣ್ಣ ಮಾತೇ? ಖಂಡಿತ ಅಲ್ಲ.

ಸಂಘದವರು ನನಗೆ ಒಂದು ವಿಷಯ ಕೊಟ್ಟಿದ್ದಾರೆ: ಡಬ್ಲ್ಯುಡಿಪಿ-4 ಎಂಬ ಎಂಜಿನಿನ ಚರಿತ್ರೆ. ಹದಿನೈದು ನಿಮಿಷ. ಹದಿನಾರು ಆದರೆ ಸಿಗ್ನಲ್ ಸಿಗಲಿಲ್ಲ ಎನ್ನುತ್ತೇನೆ, ಮಾಸ್ಟ್ರು ಆ ಉತ್ತರ ಎಷ್ಟೋ ಸಲ ಕೇಳಿದ್ದಾರೆ.

ಹೆಸರಿನಿಂದಲೇ ಸುರು ಮಾಡುವ. ಡಬ್ಲ್ಯು ಎಂದರೆ ಅಗಲ ಹಳಿ, ಡಿ ಎಂದರೆ ಡೀಸೆಲ್, ಪಿ ಎಂದರೆ ಪ್ರಯಾಣಿಕರ ಗಾಡಿ. ಡೀಸೆಲ್ ಎಂಜಿನ್ ಎಂದರೆ ಡೀಸೆಲ್ಲೇ ಚಕ್ರ ತಿರುಗಿಸುತ್ತದೆ ಎಂದು ತಿಳಿದವರು ಈ ಸಭೆಯಲ್ಲಿ ಎಷ್ಟು ಮಂದಿ? ಕೈ ಎತ್ತಬೇಡಿ, ಮರ್ಯಾದೆ ಉಳಿಯಲಿ. ಡೀಸೆಲ್ ಉರಿದು ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಮೋಟಾರು ತಿರುಗಿಸುತ್ತದೆ, ಮೋಟಾರು ಚಕ್ರ ತಿರುಗಿಸುತ್ತದೆ. ಹೊಟ್ಟೆಯೊಳಗೇ ಒಂದು ಪವರ್ ಹೌಸ್ ಇಟ್ಟುಕೊಂಡು ಓಡುವ ಪ್ರಾಣಿ ಅದು.

2001ರಲ್ಲಿ ಇದರ ಮೊದಲ ತಂಡ ಅಮೆರಿಕದಿಂದ ಹಡಗಿನಲ್ಲಿ ಬಂತು. ಆಮೇಲೆ ನಮ್ಮವರೇ ವಾರಾಣಸಿಯಲ್ಲಿ ಕಟ್ಟಿದರು. ನಾಲ್ಕು ಸಾವಿರ ಅಶ್ವಶಕ್ತಿ! ನಾನು ಅದುವರೆಗೆ ಓಡಿಸಿದ ಹಳೆಯ ಎಂಜಿನುಗಳಲ್ಲಿ ಸದ್ದು ಜಾಸ್ತಿ, ಎಳೆತ ಕಡಿಮೆ. ಇದು ಬಂದಾಗ ಹುಬ್ಬಳ್ಳಿಯ ಶೆಡ್ಡಿನಲ್ಲಿ ನಾವೆಲ್ಲ ಮದುಮಗಳನ್ನು ನೋಡುವ ಹಾಗೆ ಸುತ್ತ ನಿಂತು ನೋಡಿದೆವು. ವೇಗದ ಹಿಡಿ ಮುಂದಕ್ಕೆ ನೂಕಿದರೆ ಇಪ್ಪತ್ತು ಡಬ್ಬಿ ಹಿಂದೆ ಇವೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅದನ್ನು ಮೊದಲ ಸಲ ನಮ್ಮ ಕರಾವಳಿಗೆ ತಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬಾರ್ಕೂರು ದಾಟಿತು, ಕುಂದಾಪುರ ದಾಟಿತು, ಹೊಳೆಯ ಸೇತುವೆಯ ಮೇಲೆ ಬಂದಾಗ ನಾನು ಒಬ್ಬನೇ ಗಟ್ಟಿಯಾಗಿ ನಕ್ಕೆ. ದೋಣಿಯಲ್ಲಿ ಹುಟ್ಟು ಹಾಕಿ ದಾಟುತ್ತಿದ್ದ ಹೊಳೆಯನ್ನು ನಾಲ್ಕು ಸಾವಿರ ಕುದುರೆ ಕಟ್ಟಿಕೊಂಡು ದಾಟಿದವನು ನಗದೆ ಏನು ಮಾಡಬೇಕು?

ಕೊಂಕಣದ ಹಳಿಯಲ್ಲಿ ಶಿರೂರಿನ ಹತ್ತಿರ ಬಂದಾಗ ಎರಡು ಸಣ್ಣ ಹಾರನ್ ಹೊಡೆಯುವುದು ನನ್ನ ಅಭ್ಯಾಸವಾಗಿತ್ತು. ಅದು ನನ್ನ ಅಕ್ಕನಿಗೆ. ಅಕ್ಕ ವನಜ ಶಿರೂರಿಗೆ ಮದುವೆಯಾಗಿ ಹೋದವಳು. ಬೆಳಿಗ್ಗೆ ಅಳಿವೆಯಲ್ಲಿ ಮೀನು ತುಂಬಿಸಿಕೊಂಡು, ಹಳಿ ದಾಟಿ, ಗುಡ್ಡದಾಚೆಯ ಮನೆಗಳಿಗೆ ಮಾರಲು ಹೋಗುತ್ತಿದ್ದಳು. ನನ್ನ ಡಿಪ್ಲೊಮಾ ಆದದ್ದು ಅವಳ ತಲೆಯ ಮೇಲಿನ ಬುಟ್ಟಿಯಿಂದ. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಹಾರನ್ ಕೇಳಿದರೆ ಅವಳು ಜೊತೆಯವರಿಗೆ, "ಕಾಣಿ, ನಮ್ಮ್ ಚಂದ್ರ ಬಂದ" ಎನ್ನುತ್ತಿದ್ದಳಂತೆ.

ಇರಲಿ. ಎಂಜಿನಿಗೆ ಬರುವ.

ಈ ಎಂಜಿನಿಗೆ ಎರಡು ಊನ ಇತ್ತು. ಮೊದಲನೆಯದು, ಆರು ಜೋಡಿ ಚಕ್ರ ಇದ್ದರೂ ನಾಲ್ಕಕ್ಕೆ ಮಾತ್ರ ಮೋಟಾರು. ಬಯಲು ಸೀಮೆಯಲ್ಲಿ ಅಡ್ಡಿಯಿಲ್ಲ. ನಮ್ಮ ಮಳೆಯಲ್ಲಿ, ಏರಿನಲ್ಲಿ, ಒದ್ದೆ ಹಳಿಯ ಮೇಲೆ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಆಗ ಹಳಿಗೆ ಹೊಯ್ಗೆ, ಅಂದರೆ ಮರಳು, ಉದುರಿಸಬೇಕು. ನಮ್ಮ ಹೆಂಗಸರು ಮೀನು ಜಾರದ ಹಾಗೆ ಕೈಗೆ ಬೂದಿ ಹಚ್ಚಿಕೊಳ್ಳುವುದಿಲ್ಲವೇ, ಹಾಗೆ. ಅಷ್ಟು ದೊಡ್ಡ ವಿಜ್ಞಾನ ಕೊನೆಗೆ ಒಂದು ಮುಷ್ಟಿ ಹೊಯ್ಗೆಗೆ ಕೈ ಚಾಚುತ್ತಿತ್ತು.

ಎರಡನೆಯ ಊನ, ಚಾಲಕನ ಕೋಣೆ ಒಂದೇ, ಅದೂ ಒಂದು ತುದಿಗೆ. ಆ ತುದಿ ಮುಂದಾಗಿ ಹೋದರೆ ರಾಜಯೋಗ, ಇಡೀ ಲೋಕ ಕಾಣುತ್ತದೆ. ಆದರೆ ಎಂಜಿನ್ ತಿರುಗಿಸುವ ವ್ಯವಸ್ಥೆ ಎಲ್ಲ ಕಡೆ ಇರುವುದಿಲ್ಲ. ಬರುವಾಗ ಮುಖ ಮುಂದಾಗಿ ಬಂದದ್ದು ಹೋಗುವಾಗ ಬೆನ್ನು ಮುಂದಾಗಿ ಹೋಗಬೇಕು. ಆಗ ಐವತ್ತು ಅಡಿಗೂ ಮೀರಿದ ಎಂಜಿನಿನ ಮೈ ನಮ್ಮ ಕಣ್ಣಿನ ಮುಂದೆ. ನಾವು ಇದನ್ನು ಉದ್ದ ಮೂತಿ ಎನ್ನುತ್ತಿದ್ದೆವು. ಚಾಲಕನಿಗೆ ತನ್ನ ಬದಿ ಕಾಣುತ್ತದೆ, ಆಚೆ ಬದಿ ಕಾಣುವುದಿಲ್ಲ. ಹಳಿ ಆಚೆಗೆ ತಿರುಗಿದರಂತೂ ಏನೂ ಇಲ್ಲ. ಆ ಬದಿಯನ್ನು ನೋಡುವವನು ಸಹಾಯಕ ಚಾಲಕ. ಅವನು ಕೈ ಎತ್ತಿ ಕೂಗಿ ಹೇಳಬೇಕು, ನಾನು ಕೈ ಎತ್ತಿ ಅದನ್ನೇ ಕೂಗಿ ಹೇಳಬೇಕು. "ಸಿಗ್ನಲ್ ಹಸಿರು!" "ಸಿಗ್ನಲ್ ಹಸಿರು!" ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೆಂಡತಿ "ಅನ್ನ" ಎಂದರೆ ನಾನು ಕೈ ಎತ್ತಿ "ಅನ್ನ" ಎನ್ನುತ್ತಿದ್ದೆ. ನಗಬೇಡಿ, ಅದು ನಮ್ಮ ಪ್ರಾಣ ಕಾಯುವ ಪದ್ಧತಿ. ಇಬ್ಬರಲ್ಲಿ ಒಬ್ಬ ತಲೆ ತಿರುಗಿಸಿದರೂ ಗಾಡಿ ಅರೆಗುರುಡು.

2010ರ ಸುಮಾರಿಗೆ ಈ ಊನಗಳನ್ನೆಲ್ಲ ನಮ್ಮ ಎಂಜಿನಿಯರುಗಳು ಒಂದೊಂದಾಗಿ ತೀರಿಸಿದರು. ಮೊದಲು ಆರೂ ಜೋಡಿ ಚಕ್ರಕ್ಕೆ ಮೋಟಾರು, ಶಕ್ತಿ ನಾಲ್ಕೂವರೆ ಸಾವಿರ. ಆಮೇಲೆ ಹೆಸರಿನ ಕೊನೆಗೆ ಇನ್ನೊಂದು ಡಿ ಸೇರಿದ ತಳಿ, ಎರಡೂ ತುದಿಗೆ ಚಾಲಕನ ಕೋಣೆ. ಎತ್ತ ಹೋದರೂ ಮುಖ ಮುಂದೆ! ಆ ಎಂಜಿನ್ ಮೊದಲ ಸಲ ನನ್ನ ಕೈಗೆ ಸಿಕ್ಕಿದಾಗ ನಾನು ಕೋಣೆಯಲ್ಲಿ ಕೂತು ಅತ್ತೆ. ಜೊತೆಯವರು ಸಂತೋಷಕ್ಕೆ ಅತ್ತ ಎಂದುಕೊಂಡರು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ನಾನು ಅತ್ತದ್ದು.

ಈ ಮಾತು ನಾನು ಬರೆದುಕೊಂಡು ಬಂದ ಚೀಟಿಯಲ್ಲಿ ಇಲ್ಲ. ಆದರೂ ಬಾಯಿಗೆ ಬಂದುಬಿಟ್ಟಿತು. ಅಧ್ಯಕ್ಷರೇ, ಇನ್ನು ಐದು ನಿಮಿಷ ಕೊಡಿ.

ಈಗಷ್ಟೇ ಚಂದನಾ ಎಂಬ ಮಗು ಬಹಳ ಚೆನ್ನಾಗಿ ಅಭಿನಂದನಾ ಪತ್ರ ಓದಿತು. ಅದರಲ್ಲಿ ಒಂದು ಸಾಲಿದೆ. 2009ರ ಜುಲೈಯಲ್ಲಿ ಗುಡ್ಡ ಜರಿದಾಗ ಸಮಯಪ್ರಜ್ಞೆಯಿಂದ ಸಾವಿರ ಜನರ ಪ್ರಾಣ ಉಳಿಸಿದ ಧೀರ ಎಂದು. ನೀವು ಚಪ್ಪಾಳೆ ತಟ್ಟಿದಿರಿ. ನಾನು ಕೈ ಮುಗಿದೆ. ಹದಿನಾರು ವರ್ಷದಿಂದ ಈ ಚಪ್ಪಾಳೆಗೆ ಕೈ ಮುಗಿಯುತ್ತ ಬಂದಿದ್ದೇನೆ.

ಆ ಬೆಳಿಗ್ಗೆ ಏನಾಯಿತು ಎಂದು ಕೇಳಿ. ಉದ್ದ ಮೂತಿ ಮುಂದಾಗಿ ಬೈಂದೂರು ಬಿಟ್ಟು ಶಿರೂರಿನ ಕಡೆ ಹೊರಟಿದ್ದೆವು. ಜಡಿಮಳೆ. ಏರಿನಲ್ಲಿ ಚಕ್ರ ಜಾರಿ ಜಾರಿ ನನಗೆ ಸಾಕಾಗಿತ್ತು. ಸಹಾಯಕ ಸುಧಾಕರನಿಗೆ ನಾನು ಹೇಳಿದೆ, "ಹ್ವಾಯ್, ಒಂಚೂರ್ ಚಾ ಬಗ್ಗ್ಸ್ ಮರಾಯ." ಅವನು, "ಅಣ್ಣ, ತಿರುವ್ ಬತ್ತಾ ಇತ್ತ್, ದಾಟಿದ್ಮೇಲ್ ಕೊಡ್ತೆ" ಎಂದ. ನಾನು, "ಮೂವತ್ತ್ ಸಲ ಕಂಡ್ ತಿರುವ್, ಅದ್ರಲ್ ಎಂತ ಇತ್ತ್?" ಎಂದೆ. ನಾನು ಹಿರಿಯ, ಅವನು ಕಿರಿಯ. ಅವನು ಕಿಟಕಿ ಬಿಟ್ಟು ತಿರುಗಿ ಫ್ಲಾಸ್ಕಿನ ಮುಚ್ಚಳ ತೆಗೆದ. ಅಷ್ಟೇ ಹೊತ್ತು.

ಆ ಹೊತ್ತಿನಲ್ಲಿ, ನನಗೆ ಕಾಣದ ಆ ಬದಿಯಲ್ಲಿ, ಒಬ್ಬ ಹೆಂಗಸು ಮೀನಿನ ಬುಟ್ಟಿ ಕೆಳಗಿಳಿಸಿ, ತಲೆಯ ಮೇಲಿನ ಕೆಂಪು ಬಟ್ಟೆಯ ಸಿಂಬಿ ಬಿಚ್ಚಿ, ಎರಡೂ ಕೈಯಲ್ಲಿ ಬೀಸುತ್ತ ಹಳಿಯ ಪಕ್ಕದಲ್ಲಿ ನಮ್ಮೆದುರಿಗೆ ಓಡಿ ಬಂದಳು. ಅವಳ ಹಿಂದೆ ಗುಡ್ಡ ಜರಿದು ಹಳಿಯ ಮೇಲೆ ಬಿದ್ದಿತ್ತು. ಅವಳು ಬೀಸಿದಳು. ನಾವು ದಾಟಿ ಹೋದೆವು. ಕೆಂಪು ಮಣ್ಣಿನ ರಾಶಿಗೆ ಹೋಗಿ ಗುದ್ದಿದ ಮೇಲೆ ನಾನು ಬ್ರೇಕ್ ಹಾಕಿದ್ದು. ಗುದ್ದಿದ ಮೇಲೆ, ಸಭಿಕರೇ, ಮೊದಲಲ್ಲ. ಮುಂದಿನ ಕಬ್ಬಿಣ ಮುರಿಯಿತು, ಬರ್ತಿನಿಂದ ನಾಲ್ಕು ಜನ ಬಿದ್ದರು, ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ, ಗಾಡಿ ಹಳಿ ಬಿಡಲಿಲ್ಲ. ಅದು ಆ ಎಂಜಿನಿನ ತೂಕ, ಮಣ್ಣು ಹಸಿಯಾಗಿದ್ದದ್ದು, ದೇವರ ದಯೆ. ನನ್ನ ಸಮಯಪ್ರಜ್ಞೆ ಆಗ ಚಾ ಕಾಯುತ್ತಿತ್ತು.

ವಿಚಾರಣೆ ನಡೆಯಿತು. ಆ ಹೆಂಗಸು ಬುಟ್ಟಿ ಹೊರಗಿಟ್ಟು ಒಳಗೆ ಬಂದು ಹೇಳಿದಳು, "ನಾನ್ ಕೆಂಪ್ ಬೀಸ್ದೆ. ಗಾಡಿ ನಿಲ್ಲಿಲ್ಲೆ." ಅಧಿಕಾರಿಗಳು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಯಾರಾದರೂ ಬೀಸಿದ್ದು ಕಂಡಿತೇ? ಇಲ್ಲ ಸರ್ ಎಂದೆ. ಅದು ನಿಜ. ಇಬ್ಬರೂ ಹೊರಗೆ ನೋಡುತ್ತಿದ್ದಿರೇ? ಹೌದು ಸರ್ ಎಂದೆ. ಅದು ಸುಳ್ಳು. ಇಬ್ಬರೂ ನೋಡುತ್ತಿದ್ದು ಇಬ್ಬರಿಗೂ ಕಾಣಲಿಲ್ಲ ಎಂದಾದರೆ ಬೀಸಿದವರು ಯಾರೂ ಇರಲಿಲ್ಲ ಎಂದಾಯಿತು. ಒಂದು ನಿಜ, ಒಂದು ಸುಳ್ಳು, ಎರಡೂ ಸೇರಿ ಅವಳನ್ನು ಸುಳ್ಳಿ ಮಾಡಿದವು. ಸುಧಾಕರನೂ ನನ್ನ ಹಾಗೇ ಹೇಳಿದ. ಹಿಂದಿನ ದಿನ ನಾನು ಅವನ ಕೈ ಹಿಡಿದು ಬೇಡಿಕೊಂಡಿದ್ದೆ. ಅವನದು ಏನೂ ತಪ್ಪಿಲ್ಲ.

ಗಾಡಿ ಹಳಿ ಬಿಡಲಿಲ್ಲ, ಹೊತ್ತಿಗೆ ಸರಿಯಾಗಿ ಬ್ರೇಕ್ ಹಾಕಿದ್ದಾನೆ ಎಂದು ನನಗೆ ಪ್ರಶಸ್ತಿ ಪತ್ರ ಬಂತು. ಅವಳಿಗೆ ಏನು ಬಂತು? ಮೀನು ಮಾರ್ಕೆಟಿನಲ್ಲಿ, "ಎಂತ ವನಜಕ್ಕ, ಇವತ್ ಯಾವ್ ರೈಲ್ ನಿಲ್ಸಿದ್ರಿ?" ಎಂಬ ಮಾತು ಬಂತು.

ಹೌದು. ಅವಳು ನನ್ನ ಅಕ್ಕ. ಹೊರಗೆ ಬಂದು ನನ್ನನ್ನು ಒಂದೇ ಮಾತು ಕೇಳಿದಳು, "ಚಂದ್ರ, ನಿಂಗ್ ನಾನ್ ಕಾಣ್ಲಿಲ್ಯಾ?" ನಾನು ಡ್ಯೂಟಿಗೆ ಹೊತ್ತಾಯಿತು ಎಂದು ನಡೆದುಬಿಟ್ಟೆ. ಕಾಣಲಿಲ್ಲ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅವಳು ಆಮೇಲೆ ಈ ಊರಿನಲ್ಲಿ ಮೀನು ಮಾರಲಿಲ್ಲ. ಯಾರೂ ನಗದ ಊರು ಬೇಕೆಂದು ದಿನಾ ಬ್ರಹ್ಮಾವರಕ್ಕೆ ಹೋಗತೊಡಗಿದಳು. ಬಾರ್ಕೂರಿನವರೆಗೆ ಬೆಳಗಿನ ಪ್ಯಾಸೆಂಜರಿನ ಕೊನೆಯ ಡಬ್ಬಿಯಲ್ಲಿ. ಎಷ್ಟೋ ದಿನ ಆ ಗಾಡಿಯ ಎಂಜಿನಿನಲ್ಲಿ ನಾನೇ ಇದ್ದೆ! ನನ್ನಕ್ಕನನ್ನು ನಾನೇ ಊರಿನಿಂದ ಆಚೆ ಎಳೆದುಕೊಂಡು ಹೋದೆ. ಎರಡು ಹಾರನ್ ಹೊಡೆಯುವುದಕ್ಕೂ ನನಗೆ ಮುಖ ಇರಲಿಲ್ಲ.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಹೆದರಿಕೆ. ಕೆಲಸದ ಹೆದರಿಕೆ, ಹೆಸರಿನ ಹೆದರಿಕೆ. ನಿವೃತ್ತಿಯ ಮರುದಿನ ಬರುವ ಧೈರ್ಯಕ್ಕೆ ದೊಡ್ಡ ಬೆಲೆಯಿಲ್ಲ ಎಂದು ನನಗೂ ಗೊತ್ತು. ಆದರೆ ಇವತ್ತು ಚಂದನಾ ಆ ಸಾಲು ಓದುವಾಗ ಬಾಗಿಲ ಹತ್ತಿರ ಒಬ್ಬಳು ತಲೆ ತಗ್ಗಿಸಿದಳು. ಅದು ನನಗೆ ಇಲ್ಲಿಂದ ಕಂಡಿತು.

ಆದ್ದರಿಂದ ಅಧ್ಯಕ್ಷರೇ, ನನ್ನದೊಂದು ಬಿನ್ನಹ. ಆ ಸಾಲನ್ನು ಹೊಡೆದು ಹಾಕಿ. ಅದರ ಜಾಗದಲ್ಲಿ ಹೀಗೆ ಬರೆಸಿ: 2009ರ ಜುಲೈಯಲ್ಲಿ ಗುಡ್ಡ ಜರಿದಾಗ, ಶಿರೂರಿನ ವನಜ ಖಾರ್ವಿ ಎಂಬವರು ಬುಟ್ಟಿಯ ಮೀನು ಮಳೆಗೆ ಬಿಟ್ಟು, ಪ್ರಾಣದ ಹಂಗು ತೊರೆದು, ಬರುತ್ತಿದ್ದ ರೈಲಿನ ಎದುರು ಓಡಿ ಕೆಂಪು ಬಟ್ಟೆ ಬೀಸಿದರು. ಚಾಲಕ ನೋಡಲಿಲ್ಲ. ತಪ್ಪು ಚಾಲಕನದು. ಕೆಳಗೆ ನಾನು ಸಹಿ ಹಾಕುತ್ತೇನೆ. ಇಲಾಖೆಗೂ ಇದನ್ನೇ ಬರೆದು ಕಳಿಸುತ್ತೇನೆ, ಪ್ರಶಸ್ತಿ ಪತ್ರವನ್ನು ಅದರ ಜೊತೆಗಿಟ್ಟು. ಏನು ಬರುತ್ತದೋ ಬರಲಿ.

ಈಗ ಈ ಹಳಿಯ ಮೇಲೆಲ್ಲ ಕರೆಂಟಿನ ತಂತಿ ಬಂದಿದೆ. ಡೀಸೆಲ್ ಎಂಜಿನುಗಳ ಕಾಲ ಮುಗಿಯುತ್ತ ಬಂತು. ಆದರೆ ತನ್ನ ಊನ ತಾನೇ ಒಪ್ಪಿ, ಆರು ಜೋಡಿ ಚಕ್ರಕ್ಕೂ ಮೋಟಾರು ಕೇಳಿ ಪಡೆದು, ಎರಡೂ ಕಡೆ ಕಣ್ಣು ತೆರೆದುಕೊಂಡ ಎಂಜಿನ್ ಅದು. ಗೆದ್ದ ಎಂಜಿನ್! ಅದರ ಚರಿತ್ರೆ ಹೇಳುವ ಯೋಗ್ಯತೆ ನನಗೆ ಇವತ್ತು, ಈ ಕ್ಷಣದಿಂದ ಬಂತು ಎಂದು ತಿಳಿದಿದ್ದೇನೆ. ಎದೆ ಎಷ್ಟು ಹಗುರಾಗಿದೆ ಎಂದು ನಿಮಗೆ ಹೇಗೆ ಹೇಳಲಿ?

ನೀವು ಚಪ್ಪಾಳೆ ತಟ್ಟುತ್ತಿದ್ದೀರಿ. ದಯವಿಟ್ಟು ಈ ಕಡೆ ತಿರುಗಿ ತಟ್ಟಬೇಡಿ. ಬಾಗಿಲ ಕಡೆ ತಿರುಗಿ. ಹಾಂ, ಹಾಗೆ. ಇನ್ನೂ ಜೋರಾಗಿ. ಬೈಂದೂರು ಮಾರ್ಕೆಟಿಗೆ ಕೇಳಬೇಕು.

ಸಂಘಕ್ಕೆ, ಅಧ್ಯಕ್ಷರಿಗೆ, ಚಂದನಾಳಿಗೆ, ಇಷ್ಟು ಹೊತ್ತು ಸೆಕೆ ಸಹಿಸಿದ ನಿಮಗೆಲ್ಲ ನಾನು ಋಣಿ. ಇನ್ನೂ ಒಂದು ಮಾತು ಹೇಳಬೇಕೆಂದಿದ್ದೆ, ನಮ್ಮ ತಂದೆ ಮುತ್ತ ಖಾರ್ವಿಯವರು ಒಮ್ಮೆ...

ಇಲ್ಲ. ಅಕ್ಕ ಎದ್ದು ನಿಂತಿದ್ದಾಳೆ. ಕಣ್ಣು ಒರೆಸಿಕೊಂಡು ಕೈ ಬೀಸುತ್ತಿದ್ದಾಳೆ. ಸಾಕು, ನಿಲ್ಲಿಸು ಎನ್ನುತ್ತಿದ್ದಾಳೆ.

ಕಂಡಿತ್ ಅಕ್ಕ, ಕಂಡಿತ್. ನಿಲ್ಲಿಸ್ದೆ.

ಎಲ್ಲರಿಗೂ ನಮಸ್ಕಾರ.