ವಾಚಿನಲ್ಲಿಲ್ಲದ ನಡಿಗೆ

ನಾನು, ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ, 58 ವರ್ಷದ, ಹೊಲಿಗೆ ಕೆಲಸದವಳು. ವಾಸ: ನೀರಿನ ಟ್ಯಾಂಕಿನ ಹಿಂದಿನ ಬೀದಿ, ಮೂರನೇ ಮನೆ. ಠಾಣೆಯವರ ಮುಂದೆ ಸ್ವಂತ ಬುದ್ಧಿಯಿಂದ ಹೇಳಿ ಬರೆಸುವುದೇನೆಂದರೆ:

ನನ್ನ ಗಂಡನಿಗೆ 64 ವರ್ಷ, ನಿವೃತ್ತ ಬಸ್ ಚಾಲಕರು. ಎಂಟು ತಿಂಗಳ ಹಿಂದೆ ಅವರಿಗೆ ಹೃದಯದ ಆಪರೇಷನ್ ಆಯಿತು. ದಿನಕ್ಕೆ ನಾಲ್ಕು ಸಾವಿರ ಹೆಜ್ಜೆ ನಡೆಯಬೇಕೆಂದು ಡಾಕ್ಟರು ಹೇಳಿದರು. ನಡೆದರೆ ಎದೆ ಒಡೆದೀತೆಂಬ ಭಯಕ್ಕೆ ಇವರು ಗೇಟಿನಾಚೆ ಕಾಲಿಡಲಿಲ್ಲ. ಭಯ ಎಂದು ಒಪ್ಪುವ ಗಂಡಸಲ್ಲ, ಮಂಡಿನೋವು ಎನ್ನುತ್ತಾರೆ.

ನಮ್ಮ ಮಗಳು 90 ಕಿ.ಮೀ. ದೂರದ ಊರಿನಲ್ಲಿ ನರ್ಸ್. ಹೆಜ್ಜೆ, ಎದೆಬಡಿತ ಎರಡನ್ನೂ ತನ್ನ ಮೊಬೈಲಿಗೆ ಕಳಿಸುವ ವಾಚೊಂದನ್ನು ತಂದು ಅಪ್ಪನ ಕೈಗೆ ಕಟ್ಟಿದಳು. ಮರುದಿನವೇ ಫೋನ್ ಮಾಡಿ, "ಅಪ್ಪಾ, ಬರೀ ಇನ್ನೂರ ಹನ್ನೆರಡಾ? ಬಾತ್‌ರೂಮಿಗೆ ಹೋಗಿ ಬಂದಿದ್ದೂ ಸೇರಿ?" ಎಂದು ಕೇಳಿದಳು. ಇದು ವಾಚಲ್ಲ, ಕೈಕೋಳ ಎಂದು ಇವರು ಬಿಚ್ಚಿ ಎಸೆದರು. ಅಪ್ಪ ಮಗಳು ನಾಲ್ಕು ದಿನ ಮಾತು ಬಿಟ್ಟರು. ನನಗೆ ನೋಡಲಾಗಲಿಲ್ಲ. ಐದನೇ ದಿನ ಬೆಳಿಗ್ಗೆ 9 ಗಂಟೆಗೆ ಆ ವಾಚನ್ನು ನಾನೇ ಕಟ್ಟಿಕೊಂಡು ಅಂಗಡಿಗೆ ಹೋದೆ.

ಸಂಜೆಗೆ 6,340 ಹೆಜ್ಜೆ ಆಗಿತ್ತು. ಮಗಳು ಖುಷಿಗೆ ಫೋನಿನಲ್ಲೇ ಅತ್ತಳು. ಇವರು ಒಂದು ಚೂರೂ ನಾಚದೆ, "ಏನೋ ಪುಟ್ಟೀ, ಮನಸ್ಸು ಮಾಡ್ದೆ ಅಷ್ಟೇ" ಎಂದರು. ಹೀಗೆ ಏಳು ತಿಂಗಳು ನಡೆಯಿತು. ತಪ್ಪು ನನ್ನದೇ.

ಮೂರು ವಾರದ ಹಿಂದೆ ಮಗಳು, ಅಪ್ಪನ ಎದೆಬಡಿತ ಆಗಾಗ ಹಾದಿ ತಪ್ಪುತ್ತಿದೆ, ಡಾಕ್ಟರಿಗೆ ತೋರಿಸು ಎಂದಳು. ನಾನು ಗಾಬರಿಯಾಗಿ ಇವರನ್ನು ಆಟೋದಲ್ಲಿ ಕರೆದೊಯ್ದೆ. ಡಾಕ್ಟರು ಪರೀಕ್ಷಿಸಿ ಇವರ ಹೃದಯ ಗಟ್ಟಿಯಾಗಿದೆ ಎಂದರು. ನಾನು ನಿರಾಳವಾಗಿ ಮನೆಗೆ ಬಂದೆ. ಮಗಳು ಹೇಳಿದ್ದು ನನ್ನ ಎದೆಯ ವಿಷಯ ಎಂದು ಈ ಮಂಕುತಲೆಗೆ ಹೊಳೆಯಲೇ ಇಲ್ಲ.

ನಿನ್ನೆ ಬೆಳಿಗ್ಗೆ 11.10ಕ್ಕೆ ಬಟ್ಟೆಯ ಗಂಟು ಹೊತ್ತು ಅಂಗಡಿಯ 22 ಮೆಟ್ಟಿಲು ಹತ್ತಿದೆ. ತಲೆ ಸುತ್ತಿ ಬೆವರು ಕಿತ್ತುಕೊಂಡು ಬಂತು. ಬಿಗಿಯಾಯಿತೆಂದು ವಾಚು ಬಿಚ್ಚಿ ಮೇಜಿನ ಮೇಲಿಟ್ಟು ನೆಲಕ್ಕೊರಗಿದೆ. ಮುಂದಿನದನ್ನು ಮುಖ್ಯಪೇದೆಯವರಿಂದ ತಿಳಿದಿದ್ದೇನೆ.

ಮಗಳ ಮೊಬೈಲಿನಲ್ಲಿ ಬಡಿತ 148 ತೋರಿಸಿ ಆಮೇಲೆ ಏನೂ ಬರಲಿಲ್ಲ. ಅವಳು ಇಬ್ಬರಿಗೂ ಫೋನ್ ಮಾಡಿದಳು; ನನ್ನ ಫೋನು ಚೀಲದಲ್ಲಿತ್ತು, ಇವರಿಗೆ ಟಿ.ವಿ. ಸದ್ದಿನಲ್ಲಿ ಕೇಳಿಸಲಿಲ್ಲ. ಅಪ್ಪ ಬಿದ್ದಿದ್ದಾರೆ, ಬಾಗಿಲು ಒಡೆಯಿರಿ ಎಂದು ಅವಳು ಠಾಣೆಗೆ ಕರೆ ಮಾಡಿದಳು. 11.35ಕ್ಕೆ ಮುಖ್ಯಪೇದೆಯವರು ತಟ್ಟಿದಾಗ ಇವರೇ ಕಾಫಿ ಲೋಟ ಹಿಡಿದು ಬಾಗಿಲು ತೆಗೆದರಂತೆ. ನಿಮ್ಮ ಎದೆಬಡಿತ ನಿಂತಿದೆಯಂತಲ್ಲ ಎಂದು ಕೇಳಿದ್ದಕ್ಕೆ ನಕ್ಕರಂತೆ. ಮರುಕ್ಷಣ ಲೋಟ ಕೈಜಾರಿತಂತೆ. "ಅಯ್ಯೋ, ವಾಚು ಅವಳ ಕೈಯಲ್ಲಿದೆ ಸಾರ್" ಎಂದವರೇ ಬರಿಗಾಲಲ್ಲಿ ಓಡಿದರಂತೆ. ಮುಖ್ಯಪೇದೆಯವರು ಬೈಕು ತಿರುಗಿಸುವಷ್ಟರಲ್ಲಿ ಇವರು ಬೀದಿ ದಾಟಿದ್ದರಂತೆ. ಮನೆಯಿಂದ ಅಂಗಡಿಗೆ 400 ಮೀಟರ್, ಮೇಲೆ 22 ಮೆಟ್ಟಿಲು.

ನಾನು ಕಣ್ಣುಬಿಟ್ಟಾಗ ಇವರು ನನ್ನ ಮಣಿಕಟ್ಟು ಹಿಡಿದು ಬಡಿತ ಎಣಿಸುತ್ತಿದ್ದರು. ಏನಾಯಿತೆಂದು ಕೇಳಿದೆ. "ಸುಮ್ನಿರೇ, ಲೆಕ್ಕ ತಪ್ಪುತ್ತೆ" ಎಂದರು. ಅಳುತ್ತಿದ್ದರು.

ಬಡಿತ ಏರುಪೇರಾಗುವ ಕಾಯಿಲೆ ನನಗಿದೆ, ಮಾತ್ರೆಯಿಂದ ಹತೋಟಿಗೆ ಬರುತ್ತದೆ, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದ್ದಾರೆ. ಠಾಣೆಯ ಪುಸ್ತಕದಲ್ಲಿ ಮಗಳ ಮೇಲೆ "ಸುಳ್ಳು ಕರೆ" ಎಂದು ಬರೆದಿರುವುದನ್ನು ಹೊಡೆದುಹಾಕಬೇಕಾಗಿ ಕೋರುತ್ತೇನೆ. ಕರೆ ಸುಳ್ಳಲ್ಲ, ವಿಳಾಸ ಮಾತ್ರ ತಪ್ಪಿತ್ತು.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ. ಒಂದು ಮಾತು ಸೇರಿಸಲು ಕೇಳಿಕೊಂಡಿದ್ದೇನೆ. ಎಂಟು ತಿಂಗಳಲ್ಲಿ ನನ್ನ ಗಂಡ ನಿಜವಾಗಿ ನಡೆದದ್ದು ನಿನ್ನೆಯೇ ಮೊದಲು. ಆಗ ವಾಚು ಮೇಜಿನ ಮೇಲಿತ್ತು. ಆ ಹೆಜ್ಜೆಗಳು ಎಲ್ಲೂ ದಾಖಲಾಗಿಲ್ಲ, ಇಲ್ಲಾದರೂ ಆಗಲಿ.

ಸ್ಥಳ: ಆಸ್ಪತ್ರೆ, ಹೆಂಗಸರ ವಾರ್ಡು, ಹಾಸಿಗೆ 7
ದಿನಾಂಕ: 14-11-2024
(ಸಹಿ) ಟೈಲರಕ್ಕ
ಸಾಕ್ಷಿ: (ಸಹಿ) ಗಂಡ, ಇಂದು ಮನೆಯಿಂದ ನಡೆದು ಬಂದವರು