ಜಡ್ಜುಗಳಿಗಾಗಿ ಹಾಕಿದ ಓಟು

ಟೆಕ್ಸಸ್‌ನ ಲಬಕ್ ಬಸ್ ನಿಲ್ದಾಣದ ಸಾಲಿನಲ್ಲಿ ನನ್ನ ಮುಂದೆ ಒಬ್ಬ ತಾಯಿ, ಬಸುರಿ ಮಗಳು ನಿಂತಿದ್ದರು.

"ಡಾಕ್ಟರು ಕೊನೆಗೆ ಏನಂದ್ರು, ಮಾರ್ಲಾ?"

"ಮಗು ಉಳಿಯಲ್ಲ ಅಂತ ಅವರಿಗೂ ಗೊತ್ತಮ್ಮ. ಆದ್ರೂ ಈ ರಾಜ್ಯದಲ್ಲಿ ಗರ್ಭ ತೆಗೆಯೋಕೆ ಕಾನೂನು ಬಿಡಲ್ಲ, ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಬಿಡುತ್ತೆ, ಅಲ್ಲಿಗೆ ಹೋಗಿ ಅಂದ್ರು."

"ಗರ್ಭಪಾತದ ಹಕ್ಕನ್ನ ತೆಗೆದುಹಾಕೋ ಜಡ್ಜುಗಳನ್ನ ಸುಪ್ರೀಂ ಕೋರ್ಟಿಗೆ ನೇಮಿಸಲಿ ಅಂತಾನೇ ನಾನು ಆ ಅಧ್ಯಕ್ಷನಿಗೆ ಓಟು ಹಾಕಿದ್ದು. ಅವರ ನೇಮಕ ಆದಾಗ ಚರ್ಚಲ್ಲಿ ಕೇಕು ಹಂಚಿದ್ದೆ."

"ಗೊತ್ತು. ನಾನೂ ತಿಂದಿದ್ದೆ."

"ನಿನಗೇ ಹೀಗಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ ಕಣೇ."

"ಬೇರೆಯವರ ಮಗಳಿಗಾದ್ರೆ ಪರವಾಗಿರ್ಲಿಲ್ವಾ?"

ತಾಯಿ ಕೈಯಲ್ಲಿದ್ದ ಎರಡು ಟಿಕೆಟುಗಳನ್ನು ಮತ್ತೊಮ್ಮೆ ಎಣಿಸಿದಳು. ಮಗಳೇ ಮತ್ತೆ ಕೇಳಿದಳು:

"ಮುಂದೆ ಇನ್ನೊಬ್ಬ ಜಡ್ಜನ್ನ ನೇಮಿಸೋ ಕಾಲ ಬಂದ್ರೆ, ಆಗ ಯಾರಿಗೆ ಓಟು ಹಾಕ್ತೀಯಾ?"

"ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ."

ಬಸ್ಸು ಬಂತು. ತಾಯಿ ಮಗಳ ಚೀಲಕ್ಕೆ ಕೈ ಚಾಚಿದಳು. ಮಗಳು ಚೀಲ ಕೊಡಲಿಲ್ಲ. ಆ ಕೈಯನ್ನೇ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು.