ಗೆಣಸಿನ ಗಾಡಿಯ ಶಿಳ್ಳೆಗೆ ಎರಡು ನಿಮಿಷ ತಡೆ

ಹಲೋ… ಗೆಣಸಿನ ಗಾಡಿಯ ದೋನ್ ಫಿದೆನ್ಸಿಯೋ ತಾನೇ ಮಾತಾಡೋದು?… ಹಾಂ. ಹಾಗಾದರೆ ಹೇಳಿ, ಒಬ್ಬ ಹೆಂಗಸಿನ ಪ್ರಾಣ ತೆಗೆದು ಸಂಜೆಯ ವ್ಯಾಪಾರ ಮಾಡುವುದು ನ್ಯಾಯವೇ?

…ನಾನು ಒತಿಲಿಯಾ. ನಿಮ್ಮ ಮಗಳಿಗೆ ಭಾಗಾಕಾರ ಕಲಿಸಿದ ಟೀಚರ್. ಪಿಸುಗುಟ್ಟುವುದೇಕೆಂದರೆ, ಬೀರುವಿನೊಳಗೆ ಅಡಗಿದ್ದೇನೆ.

…ಕಳ್ಳರಲ್ಲ! ಪೊಲೀಸರೂ ಬೇಡ! ವಿಡಿಯೋ ಗೇಮಿನ ಬೀರು. ಐದು ಸಿನಿಮಾಗಳಲ್ಲಿ ಊರೂರನ್ನೇ ತಿಂದು ತೇಗಿತಲ್ಲ, ಆ ಗಣಿಯ ಮೃಗ? ಅದರದೇ ಆಟ, ಎರಡನೆಯ ಭಾಗ. ಮೊನ್ನೆ ಬಂತು.

…ನಗಬೇಡಿ. ಅರವತ್ತೆಂಟಾದವರಿಗೆ ಹೆದರುವ ಹಕ್ಕಿಲ್ಲವೇ?

…ನಿಮ್ಮ ತಪ್ಪೇನು ಅಂತೀರಾ? ಈ ಸಲ ಮೃಗ ಮೈಕಿನ ಮೂಲಕ ನನ್ನ ಕೋಣೆಗೇ ಕಿವಿಯಿಟ್ಟಿದೆ. ಇಲ್ಲಿ ಸದ್ದಾದರೆ ಅಲ್ಲಿ ನನ್ನ ಕುತ್ತಿಗೆಗೆ ಬಾಯಿ. ನಿನ್ನೆ ಗೆಣಸು ಬೇಯಿಸೋ ನಿಮ್ಮ ಗಾಡಿ ಉಗಿ ಬಿಟ್ಟು ಶಿಳ್ಳೆ ಹಾಕಿತು, ನನ್ನ ಮೂರು ಗಂಟೆಯ ಶ್ರಮ ಮಣ್ಣುಪಾಲಾಯಿತು. ಇವತ್ತು ಮತ್ತೆ ಅಲ್ಲಿಗೇ ಬಂದಿದ್ದೇನೆ. ಹತ್ತೇ ಹೆಜ್ಜೆ ಆಚೆ ಒಂದು ಪೆಟ್ಟಿಗೆ. ಮುಟ್ಟಿದರೆ ಇಲ್ಲಿಯವರೆಗಿನ ಆಟ ಉಳಿಯುತ್ತದೆ, ಇಲ್ಲದಿದ್ದರೆ ಮೊದಲಿಂದ.

…ಮೈಕ್ ಆಫ್ ಮಾಡೋದಾ? ಫಿದೆನ್ಸಿಯೋ! ಪರೀಕ್ಷೆಯಲ್ಲಿ ನಕಲು ಹೊಡೆಯೋದೂ ಅದೂ ಒಂದೇ! ನಲವತ್ತು ವರ್ಷ ನಾನು ಮಕ್ಕಳಿಗೆ… ಶ್! ಅಯ್ಯೋ, ನಾನೇ ಕೂಗಿದೆ. ತಿರುಗಿತು. ಮೂಸ್ತಿದೆ…

…

…ಹೋಯಿತು. ಬಾಗಿಲಿಗೆ ಜೊಲ್ಲು ಮೆತ್ತಿ ಹೋಯಿತು, ನಾಚಿಕೆಗೆಟ್ಟದ್ದು.

…ಏನಂದಿರಿ, ಗಾಡಿಯಲ್ಲಿ ಉಗಿ ತುಂಬಿದೆಯಾ? ಬಿಡದಿದ್ದರೆ ಡಬ್ಬಿ ಸಿಡಿಯುತ್ತಾ? ಎಷ್ಟು ಹೊತ್ತು ತಡೀಬಹುದು?… ಎರಡು ನಿಮಿಷ. ಸಾಕು.

…ಮಾರುಕಟ್ಟೆಯ ಆಚೆ ಹೋಗಿ ಶಿಳ್ಳೆ ಬಿಡ್ತೀರಾ? ಕೂಡದು! ಅಲ್ಲಿ ನನ್ನ ನಾದಿನಿ ಕಾಂದೆಲಾರಿಯಾ ಇದೇ ಆಟ ಆಡ್ತಿದ್ದಾಳೆ. ಗಣಿಯಿಂದ ಮೊದಲು ಹೊರಬರೋದು ಯಾರು ಅಂತ ನಮ್ಮಿಬ್ಬರಿಗೂ ಪಂಥ. ಅವಳು ಸೋಲಬೇಕು, ನಿಜ. ಆದರೆ ನಿಮ್ಮ ಶಿಳ್ಳೆಯಿಂದ ಸೋಲಬಾರದು. ಗೆಲುವಿಗೂ ಮಾನ ಬೇಕು, ಅಲ್ವಾ?

…ಬಾಗಿಲು ತೆರೆದೆ. ಮಾತಾಡಬೇಡಿ… ಕೆಮ್ಮಲೂ ಬೇಡಿ…

…ಆರು… ಏಳು… ಬಾಲ ಕಾಣ್ತಿದೆ, ದೇವರೇ… ಒಂಬತ್ತು…

…ಉಳೀತು! ದೋನ್ ಫಿದೆನ್ಸಿಯೋ, ಉಳೀತು ಮಾರಾಯರೇ! ಕುಣೀತಿದೀನಿ, ಮಂಡಿನೋವು ಎಲ್ಲೋ ಓಡಿಹೋಯ್ತು! ಹಾಂ, ಮೃಗ ಬಂತು, ಬರಲಿ, ತಿನ್ನಲಿ, ಇಲ್ಲಿಂದಲೇ ಮತ್ತೆ ಹುಟ್ಟಿಬರ್ತೀನಿ!

…ಡಬ್ಬಿ ನಡುಗ್ತಿದೆಯಾ? ಮತ್ತೇನು ನೋಡ್ತಾ ನಿಂತಿದೀರಿ? ನನ್ನ ಕಿಟಕಿ ಕೆಳಗೇ, ಬೀದಿಗೆ ಬೀದಿಯೇ ಎದ್ದು ಬರೋ ಹಾಗೆ, ಬಿಡಿ ಶಿಳ್ಳೆ! ಬಿಡಿ ಅಂದ್ರೆ ಬಿ—